ಸೋಮಯ್ಯನ ಕಾರ್ಡು, ಶಾಂತಮಲ್ಲಪ್ಪನ ಕಾರ್ಡು

ವನಗೂರಿನ ಗುಡ್ಡ ಹತ್ತಿ ಜೀಪು ಸುರೇಂದ್ರನ ಹೋಂಸ್ಟೇ ಅಂಗಳದಲ್ಲಿ ನಿಂತಾಗಲೇ ಶಾಂತಮಲ್ಲಪ್ಪನ ಮುಖ ಕಹಿಯಾಯಿತು. ಹಾಡುಹಗಲೇ ಬಿಯರಿನ ಹುಳಿ ವಾಸನೆ. ಕಾಫಿ ಒಣಗಿಸುವ ಕಣದ ತುಂಬ ಕೋಳಿ ಮೂಳೆ, ಪ್ಲಾಸ್ಟಿಕ್ ಲೋಟ. ಕಾಫಿ ಹರವುವ ಜಾಗದಲ್ಲಿ ಎಂಜಲು! ಕಾಲಿಡಲು ಹೇಸಿಗೆಯಾಯಿತು. ಆದರೂ ಸೋಮಯ್ಯನ ಹಿಂದೆಯೇ ಇಳಿದ. ಒಂದು ಮಾತು ಇವತ್ತು ಇತ್ಯರ್ಥವಾಗಬೇಕಿತ್ತು.

ಮಾತು ಹಳೆಯದು. ಆಲೂರಿನ ಬಸ್ ಸ್ಟ್ಯಾಂಡಿನ ಮುಂದೆ ಒಂದು ಕಾಲಕ್ಕೆ ಹುಡುಗರು ಕಾಸು ಕೊಟ್ಟು ಕಂಪ್ಯೂಟರ್ ಆಟ ಆಡುವ ಎರಡು ಗೇಮ್ ಅಂಗಡಿಗಳಿದ್ದವು. ಬಸ್ ಸ್ಟ್ಯಾಂಡಿನ ಮಗ್ಗುಲಿಗೆ ಸೋಮಯ್ಯನದು, ರಸ್ತೆಯ ಎದುರು ಬದಿಗೆ ಶಾಂತಮಲ್ಲಪ್ಪನದು. ಇಬ್ಬರಿಗೂ ಓದು ಅಷ್ಟಕ್ಕಷ್ಟೆ. ಆದರೆ ಕಂಪ್ಯೂಟರಿನೊಳಗೆ ಚಿತ್ರ ಬಿಡಿಸುವುದಕ್ಕೇ ಒಂದು ಗ್ರಾಫಿಕ್ಸ್ ಕಾರ್ಡು ಇರುತ್ತದೆ, ಅದು ಚೆನ್ನಾಗಿದ್ದ ಕಡೆ ಹುಡುಗರು ನುಗ್ಗುತ್ತಾರೆ ಎನ್ನುವುದು ಇಬ್ಬರಿಗೂ ತಿಳಿದಿತ್ತು.

ಮೊದಲು ವೂಡೂ ಕಾರ್ಡು ತಂದವನು ಸೋಮಯ್ಯ. ಅದೊಂದೇ ಸಾಲದು. ಮಾಮೂಲಿ ಚಿತ್ರಕ್ಕೆ ಇನ್ನೊಂದು ಕಾರ್ಡು ಬೇಕು, ಎರಡನ್ನೂ ಪೆಟ್ಟಿಗೆಯ ಹಿಂದೆ ಗಿಡ್ಡ ಕೇಬಲ್ಲಿನಿಂದ ಸೇರಿಸಬೇಕು. ಬಣ್ಣ ಕಡಿಮೆ, ಸಂಜೆಯ ಆಕಾಶ ಪಟ್ಟೆಪಟ್ಟೆ. ಆದರೆ ಕಾರ್ ರೇಸ್ ಹಾಕಿದರೆ ಕಾರು ಎಣ್ಣೆಯ ಮೇಲೆ ಜಾರಿದ ಹಾಗೆ ಹೋಗುತ್ತಿತ್ತು. ಶಾಂತಮಲ್ಲಪ್ಪ ಆಮೇಲಿನ ತಲೆಮಾರಿನ ಟಿಎನ್‌ಟಿ ಟೂ ತಂದ. ಒಂದೇ ಕಾರ್ಡು, ಮೈಮೇಲೆ ಪುಟಾಣಿ ಫ್ಯಾನು. ಆಕಾಶಕ್ಕೆ ಆಕಾಶದ್ದೇ ಬಣ್ಣ. ಕೆಲವು ಆಟಗಳಲ್ಲಿ ತಿರುವು ಬಂದಾಗ ಕಾರು ಚೂರು ಎಡವುತ್ತಿತ್ತು. ಅದನ್ನು ಅವನು ಎಂದೂ ಒಪ್ಪಲಿಲ್ಲ.

“ನಿಂದು ಬಣ್ಣ ಬಳ್ದಿರೋ ಎತ್ತಿನಗಾಡಿ ಕಣ್ಲಾ!” ಎಂದು ಸೋಮಯ್ಯ ಆಚೆಯಿಂದ ಕೂಗುವನು.

“ನಿಂದೋ? ಎರಡು ಕಾರ್ಡು ಸೇರಿ ಒಂದು ಚಿತ್ರ ಬಿಡ್ಸ್ತವೆ. ಒಂದು ಬಿಂದಿಗೆ ಹೊರೋಕೆ ಇಬ್ಬರು ಬಂದಂಗೆ!” ಎಂದು ಇವನು.

ಇನ್ನೂ ಹೊಸ ಕಾರ್ಡುಗಳು ಮನೆಮನೆಗೆ ಬಂದ ಮೇಲೆ ಎರಡೂ ಅಂಗಡಿಗೆ ಬೀಗ ಬಿತ್ತು. ಜಗಳಕ್ಕೆ ಮಾತ್ರ ಬೀಗ ಬೀಳಲಿಲ್ಲ. ಬೆಳಗಾದರೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತು ಅದನ್ನೇ ಎತ್ತುವರು. ಅಕ್ಕಪಕ್ಕ ಇಟ್ಟು ನೋಡಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ತನ್ನ ಕಾರ್ಡು ಹೊತ್ತು ಇನ್ನೊಬ್ಬನ ಅಂಗಡಿ ಮೆಟ್ಟಿಲು ಹತ್ತುವವರು ಯಾರು?

ಈ ಜಗಳದ ಸುದ್ದಿ ಕೇಳಿಯೇ ಹೋಂಸ್ಟೇಯ ಸುರೇಂದ್ರ ವನಗೂರಿನಿಂದ ಆಲೂರಿಗೆ ಬಂದಿದ್ದ.

“ದೊಡ್ಡಪ್ಪ, ನಮ್ಮ ಗೆಸ್ಟುಗಳ ಮುಂದೆ ಎರಡನ್ನೂ ಓಡಿಸ್ತೀನಿ. ವಿಡಿಯೋನೂ ಆಗ್ತದೆ. ಆಮೇಲೆ ಕಾರ್ಡುಗಳ್ನ ಚಂದಾಗಿ ಫ್ರೇಮ್ ಹಾಕ್ಸಿ ನಮ್ಮ ಗೋಡೆಗೆ ತಗಲಾಕಾನ.”

“ಗೋಡೆಗೆ ಕೊಡಲ್ಲ ಕಣಪ್ಪ. ಓಡಿಸಿ ತೋರ್ಸು, ಅಷ್ಟೇ,” ಎಂದ ಶಾಂತಮಲ್ಲಪ್ಪ.

“ನಂದು ಮಡಿಕೋ ಮಾರಾಯ, ಮನೇಲಿ ಹಲ್ಲಿ ಮೊಟ್ಟೆ ಇಡ್ತೈತೆ,” ಎಂದು ಸೋಮಯ್ಯ ನಕ್ಕಿದ್ದ.

ಕಾರ್ಡು ಕೊಡುವಾಗ ಶಾಂತಮಲ್ಲಪ್ಪ ಒಂದು ಮಾತು ಹೇಳಿದ್ದ. ಆಯುಧಪೂಜೆಗೆ ಅವನು ಪೆಟ್ಟಿಗೆ ಬಿಚ್ಚಿ ಕಾರ್ಡಿನ ಫ್ಯಾನಿಗೂ ಕುಂಕುಮ ಇಟ್ಟು ಚೆಂಡುಹೂವು ಏರಿಸುತ್ತಿದ್ದ. ಕೊನೆಯ ಪೂಜೆಯ ಒಂದು ಎಸಳು ರೆಕ್ಕೆಗಳ ನಡುವೆ ಒಣಗಿ ಉಳಿದಿತ್ತು. “ದೇವ್ರಿಗೆ ಏರ್ಸಿದ್ದು, ಕೀಳ್ಬೇಡ. ಫ್ಯಾನು ತಿರುಗ್ಲಿ, ತಾನೇ ಹಾರೋಗ್ತದೆ.”

ಈಗ ಹೋಂಸ್ಟೇ ಹಾಲಿನಲ್ಲಿ ಎರಡು ಟೀವಿ, ಕೆಳಗೆ ಎರಡು ಗಾಜಿನ ಪೆಟ್ಟಿಗೆ, ಒಳಗೆ ಕೆಂಪು ನೀಲಿ ದೀಪ. ಗೆಸ್ಟುಗಳು ಚಿಪ್ಸ್ ತಿಂದ ಬೆರಳನ್ನು ಸೋಫಾಕ್ಕೆ ಒರೆಸುತ್ತಿದ್ದರು. ಎರಡು ಪರದೆಯ ಮೇಲೂ ಅದೇ ಕಾರು, ಅದೇ ರಸ್ತೆ ಮೂಡಿತು. ತನ್ನ ಕಡೆಯ ಆಕಾಶ ಕಂಡು ಶಾಂತಮಲ್ಲಪ್ಪ ಪರದೆಯ ಹತ್ತಿರಕ್ಕೆ ಸರಿದ. ಅದೇ ಬಣ್ಣ. ಸೋಮಯ್ಯನ ಕಡೆ ಅದೇ ಪಟ್ಟೆ, ಅದೇ ಜಾರುವ ಓಟ. ಸೋತರೂ ಚಿಂತೆಯಿಲ್ಲ, ಕಣ್ಣಾರೆ ಕಂಡೆನಲ್ಲ ಎಂದುಕೊಂಡು, ಎಸಳು ಹಾರಿತೇ ಎಂದು ಬಗ್ಗಿ ನೋಡಿದ.

ಎಸಳು ಅಲ್ಲೇ ಇತ್ತು. ಫ್ಯಾನು ತಿರುಗುತ್ತಿರಲಿಲ್ಲ. ಮೇಲೆ ಟೀವಿಯಲ್ಲಿ ಕಾರು ಗಾಳಿಯಂತೆ ಹಾರುತ್ತಿತ್ತು.

“ಸುರೇಂದ್ರ, ಫ್ಯಾನು ಯಾಕಪ್ಪ ನಿಂತೈತೆ?”

ಸುರೇಂದ್ರ ಪಕ್ಕಕ್ಕೆ ಬಂದು ಪಿಸುಗುಟ್ಟಿದ. “ಹಳೇ ಕಂಪ್ಯೂಟರ್ ಬೋರ್ಡು ಆನ್ ಆಗ್ಲೇ ಇಲ್ಲ ದೊಡ್ಡಪ್ಪ. ನೆಟ್‌ನಲ್ಲಿ ಯಾರೋ ಹಾಕಿದ್ದ ವಿಡಿಯೋ ಇಳಿಸ್ಕಂಡು ಬುಟ್ಟಿದೀನಿ. ಕಾರ್ಡು ಅದೇ ತರದ್ದೇ ಅಲ್ವಾ? ನಗ್ತಾ ಕೂತ್ಕಳಿ, ಕ್ಯಾಮೆರಾ ಐತೆ.”

ಶಾಂತಮಲ್ಲಪ್ಪ ಸೋಮಯ್ಯನ ಕಡೆ ತಿರುಗಿದ. ಅವನೂ ತನ್ನ ಪೆಟ್ಟಿಗೆಯ ಹಿಂಬದಿಯನ್ನೇ ನೋಡುತ್ತಿದ್ದ. ಗಿಡ್ಡ ಕೇಬಲ್ಲಿನ ಒಂದು ತುದಿ ಸಿಕ್ಕಿಸದೆ ಗಾಳಿಯಲ್ಲಿ ನೇತಾಡುತ್ತಿತ್ತು. ಇಬ್ಬರ ಕಣ್ಣೂ ಕೂಡಿದವು. ಸೋಮಯ್ಯ ಮೆಲ್ಲಗೆ ಮುಖ ತಿರುಗಿಸಿ ಕ್ಯಾಮೆರಾಕ್ಕೆ ಹಲ್ಲು ಕಿರಿದ.

“ಗೆದ್ದಿದ್ದು ಸೋಮಯ್ಯನೋರ ವೂಡೂ!” ಎಂದು ಸುರೇಂದ್ರ ಕೂಗಿದ. ಗೋಡೆಗೆ ಬರುವ ಕಾರ್ಡು ಅದೊಂದೇ ಅಲ್ಲವೇ? ಚಪ್ಪಾಳೆ. ಸೋಮಯ್ಯ ಕುತ್ತಿಗೆ ಬಗ್ಗಿಸಿ ಶಾಲು ಹೊದಿಸಿಕೊಂಡ. ಶಾಂತಮಲ್ಲಪ್ಪ ಗಾಜಿನ ಪೆಟ್ಟಿಗೆಗೆ ಕೈ ಹಾಕಿ ತನ್ನ ಕಾರ್ಡು ಕಿತ್ತುಕೊಂಡ. ಮೇಲೆ ಕಾರು ಹಾಗೇ ಓಡುತ್ತಿತ್ತು. ಗೆಸ್ಟುಗಳು ಬಿದ್ದು ಬಿದ್ದು ನಕ್ಕರು.

ಇಳಿಜಾರಿನಲ್ಲಿ ಜೀಪು ಕುಲುಕುತ್ತಿರುವಾಗ ಶಾಂತಮಲ್ಲಪ್ಪ ಕೇಳಿದ. “ಕೇಬಲ್ ನೋಡ್ದೆ ಅಲ್ವೇನ್ಲಾ?”

“ನೋಡ್ದೆ. ಏನೀಗ? ಗೆದ್ದೆ ಅಂದ್ರಲ್ಲ.”

“ನಿನ್ ಕಾರ್ಡು ನಿಜಕ್ಕೂ ಓಡಿ ಗೆದ್ದಿದ್ರೆ ಆ ಶಾಲು ನಾನೇ ಹೊದಿಸ್ತಿದ್ದೆ ಕಣೋ.”

ಸೋಮಯ್ಯ ಶಾಲಿನ ಜರಿ ನೇವರಿಸಿದ. ಶಾಂತಮಲ್ಲಪ್ಪ ಕಾರ್ಡನ್ನು ಬಾಯಿಗೆ ಹಿಡಿದು ಊದಿದ. ಫ್ಯಾನು ಸಲೀಸಾಗಿ ತಿರುಗಿತು. ಎಸಳು ಹಾರಿ ಕಾಫಿ ಗಿಡಗಳ ಕಡೆ ಹೋಯಿತು.

ಮಾರನೆಯ ಬೆಳಗ್ಗೆ ಸೋಮಯ್ಯ ಶಾಲು ಹೊದ್ದೇ ಕಲ್ಲುಬೆಂಚಿಗೆ ಬಂದ. “ಏನ್ಲಾ ಎತ್ತಿನಗಾಡಿ, ಎದ್ದ್ಯಾ?” ಎಂದು ಎಂದಿನಂತೆ ಕೆಣಕಿ, ಉತ್ತರಕ್ಕೆ ಕಾದ.

ಶಾಂತಮಲ್ಲಪ್ಪನ ನಾಲಿಗೆಯ ತುದಿಗೆ ಬಿಂದಿಗೆಯ ಮಾತು ಬಂದಿತ್ತು. ಬಾಯಲ್ಲಿದ್ದ ಎಲೆಅಡಿಕೆಯ ಜೊತೆ ಅದನ್ನೂ ಚರಂಡಿಗೆ ಉಗಿದ. ಎದ್ದು ರಸ್ತೆ ದಾಟಿ, ಮುಚ್ಚಿದ ತನ್ನ ಅಂಗಡಿಯ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತ.

“ಏನಾರ ಅನ್ನೋ ಮಲ್ಲಪ್ಪ!” ಎಂದು ಆಚೆಯಿಂದ ಸೋಮಯ್ಯ ಕೂಗುತ್ತಲೇ ಇದ್ದ.