ದಯಾನಂದ ತೋರಿಸಿದ ಬೆಂಗಳೂರು

ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿನ ದುಡ್ಡಿಲ್ಲ ಎಂದು ಇಡೀ ರಾಜ್ಯವೇ ಕುಣಿದಾಗ ನರಿಕೊಂಬಿನ ಹರಿಣಾಕ್ಷಿ ಕುಣಿಯಲಿಲ್ಲ. ಬಂಟ್ವಾಳದ ಸುತ್ತಮುತ್ತ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಕಟ್ಟಿದ ಬೀಡಿ ಕೊಡಲು ಪಾಣೆಮಂಗಳೂರಿಗೆ ಹೋಗುವಾಗ ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರ್ ನಕ್ಕುಬಿಡುತ್ತಾನೆ. ಈ ಪುಕ್ಕಟೆಯ ಸುಖ ಸಿಗಬೇಕಾದರೆ ದೂರದ ಊರಿಗೇ ಹೋಗಬೇಕು, ದೂರದ ಊರಿನಲ್ಲಿ ಅವಳಿಗೆಂತ ಕೆಲಸ? ಆದರೆ ಅವಳ ಅತ್ತೆ ಸೇಸಮ್ಮ ಅದನ್ನೇ ಹಿಡಿದು ಕೂತರು.

"ಬೆಂಗಳೂರಿಗೆ ಹೋಗುವ ಮಾರಾಯ್ತಿ. ದಯಾನ ಮನೆ ನೋಡಿ ಬರುವ. ಮದುವೆಯಾಗಿ ಇಷ್ಟು ಸಮಯ ಆಯ್ತು, ಅವನ ಹೆಂಡತಿಯ ಕೈಯಿಂದ ಒಂದು ಲೋಟ ನೀರು ಕುಡಿಲಿಲ್ಲ ನಾನು."

ದಯಾ ಎಂದರೆ ದಯಾನಂದ, ಸೇಸಮ್ಮನ ತಂಗಿಯ ಮಗ. ತಾಯಿ ಸತ್ತಾಗ ಅವನಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಅವನನ್ನು ಎತ್ತಿಕೊಂಡು ಬಂದು, ತನ್ನ ಮಗ ವಸಂತನ ಪಕ್ಕದಲ್ಲೇ ಮಲಗಿಸಿ, ಬೀಡಿ ಕಟ್ಟಿ ಕಟ್ಟಿ ಬೆರಳು ಸವೆಸಿ, ಮೂಡಬಿದಿರೆಯ ಕಾಲೇಜಿನವರೆಗೆ ಓದಿಸಿದವರು ಸೇಸಮ್ಮ. ಓದು ತಲೆಗೆ ಹತ್ತದೆ ವಸಂತ, ಅಂದರೆ ಹರಿಣಾಕ್ಷಿಯ ಗಂಡ, ಶಾಲೆ ಬಿಟ್ಟು ಆಟೋ ಹಿಡಿದ. ಓದು ಹತ್ತಿದ ದಯಾನಂದ ಬೆಂಗಳೂರಿನಲ್ಲಿ ಮೂಡಬಿದಿರೆಯ ರಮಾನಾಥ ಎಂಬ ದೊಡ್ಡ ಧನಿಯ ಹೋಟೆಲಿಗೆ ಸೇರಿ ಮೆನೇಜರನಾದ. ಧನಿಯ ದೂರದ ಸಂಬಂಧದಲ್ಲೇ ಸುಪ್ರೀತಾ ಎಂಬ ಹುಡುಗಿಯನ್ನು ಮದುವೆಯೂ ಆದ. ಮದುವೆಗೆ ಸೇಸಮ್ಮನನ್ನು ಕರೆದದ್ದು ಮುಗಿದ ಮೇಲೆ, ಫೋನಿನಲ್ಲಿ. ಎಲ್ಲವೂ ಅವಸರದಲ್ಲಿ ಆಯಿತಂತೆ. ಹರಿಣಾಕ್ಷಿಗೆ ಅವತ್ತೇ ಮೈ ಉರಿದಿತ್ತು. ಸೇಸಮ್ಮ ಮಾತ್ರ, ಪಾಪ, ದೊಡ್ಡವರ ಮನೆಯ ಮದುವೆ ಹಾಗೇ ಎಂದು ಸುಮ್ಮನಾಗಿದ್ದರು.

ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಕುಚ್ಚಲಕ್ಕಿ ಕಟ್ಟಿದ ಗಂಟು ಹೊತ್ತುಕೊಂಡು ಅತ್ತೆ ಸೊಸೆ ರಾತ್ರಿಯ ಕೆಂಪು ಬಸ್ಸು ಹತ್ತಿದರು. ಬೆಳಿಗ್ಗೆ ಮೆಜೆಸ್ಟಿಕ್ಕಿಗೆ ದಯಾನಂದ ಬಂದಿದ್ದ. ಸೇಸಮ್ಮ ಅವನ ಕೆನ್ನೆ ಸವರಿದರು. ಅವನು ಅತ್ತಿತ್ತ ನೋಡಿದ.

"ದೊಡ್ಡಮ್ಮ, ಮನೆಗೆ ಪೈಂಟ್ ಹೊಡೆಯುವುದು ಉಂಟು. ಸುಪ್ರೀತಾಳಿಗೆ ಆ ವಾಸನೆ ಆಗುವುದಿಲ್ಲ, ತಾಯಿ ಮನೆಗೆ ಹೋಗಿದ್ದಾಳೆ. ನೀವು ಹೋಟೆಲಿನ ಮೇಲೆ ಇರಿ, ಆಯ್ತಾ?"

ಹೋಟೆಲಿನ ಮೇಲೆ ಎಂದರೆ ರೂಮಲ್ಲ. ಈರುಳ್ಳಿ ಚೀಲ ಒಟ್ಟಿದ ಸಾಮಾನಿನ ಕೋಣೆ. ಪಕ್ಕದಲ್ಲಿ ಸಪ್ಲೈಯರ್ ಹುಡುಗರು ಮಲಗುವ ಜಾಗ. ಹರಿಣಾಕ್ಷಿ ಬಾಯಿ ತೆರೆಯುವ ಮೊದಲೇ ಸೇಸಮ್ಮ, "ಒಳ್ಳೆ ಗಾಳಿ ಬರ್ತದೆ" ಎಂದು ಚಾಪೆ ಬಿಡಿಸಿದರು. ಹಪ್ಪಳದ ಗಂಟನ್ನು ದಯಾನಂದ ಕೆಳಗೆ ತೆಗೆದುಕೊಂಡು ಹೋದ. ಮನೆಗೆ ಇರಬೇಕು ಎಂದುಕೊಂಡಳು ಹರಿಣಾಕ್ಷಿ. ಮಧ್ಯಾಹ್ನ ಊಟಕ್ಕೆ ಇಳಿದಾಗ ನೋಡಿದರೆ ಅದೇ ಹಪ್ಪಳ ಗಿರಾಕಿಗಳ ತಟ್ಟೆಯಲ್ಲಿತ್ತು. ಅತ್ತೆ ಅಂಗಳದಲ್ಲಿ ಕಾಗೆ ಓಡಿಸುತ್ತ ಒಣಗಿಸಿದ ಹಪ್ಪಳ! ಅವಳು ಹಲ್ಲು ಕಡಿದುಕೊಂಡು ಅನ್ನ ನುಂಗಿದಳು.

ಊರು ತೋರಿಸುವ ಕೆಲಸವನ್ನು ದಯಾನಂದ ಫೋನಿನಲ್ಲೇ ಮಾಡಿದ. ಬೆಳಗಾದರೆ ಹರಿಣಾಕ್ಷಿಯ ಮೊಬೈಲಿಗೆ ಅವನ ಧ್ವನಿ ಬಂದು ಬೀಳುತ್ತಿತ್ತು. "ಅತ್ತಿಗೆ, ಇವತ್ತು ಕಬ್ಬನ್ ಪಾರ್ಕಿಗೆ ಹೋಗಿ, ಟಿಕೇಟಿಲ್ಲ. ಹಾಗೇ ನಡೆದರೆ ವಿಧಾನಸೌಧ, ರಸ್ತೆಯ ಈಚೆಯಿಂದ ಚೆಂದ ಕಾಣ್ತದೆ. ಬಿಸಿಲು ಜಾಸ್ತಿಯಾದರೆ ಯಾವುದಾದರೂ ಮಾಲಿಗೆ ಹೋಗಿ ಕೂತುಕೊಳ್ಳಿ, ಎಸಿ ಉಂಟು, ಯಾರೂ ಏನೂ ಕೇಳುವುದಿಲ್ಲ. ಸಿಟಿ ಬಸ್ಸೂ ನಿಮಗೆ ಫ್ರೀ." ಮರುದಿನ ಕೆರೆ, ಹೂವಿನ ಮಾರ್ಕೆಟ್ಟು. ಇಷ್ಟು ದೊಡ್ಡ ಪಟ್ಟಣದಲ್ಲಿ ಬಿಡಿಗಾಸು ಬಿಚ್ಚದೆ ನೋಡಬಹುದಾದ್ದನ್ನೆಲ್ಲ ಅವನು ಹೆಕ್ಕಿ ಹೆಕ್ಕಿ ಹೇಳಿದ. ಹೇಳದೆ ಬಿಟ್ಟದ್ದು ತನ್ನ ಮನೆಯ ದಾರಿ ಒಂದನ್ನೇ.

ನಿಜ ಹೇಳಬೇಕೆಂದರೆ ಸೇಸಮ್ಮನಿಗೆ ಎಲ್ಲವೂ ಖುಷಿಯೇ. ಪಾರ್ಕಿನ ಬಿದಿರ ಮೆಳೆಯ ಕೆಳಗೆ ಎಲೆ ಅಡಿಕೆ ಹಾಕಿಕೊಂಡು ಕೂತರು. ಮಾಲಿನಲ್ಲಿ ತಾನಾಗಿಯೇ ಮೇಲೇರುವ ಮೆಟ್ಟಿಲಿಗೆ ಮೊದಲು ಹೆದರಿ, ಸೀರೆಯ ಅಂಚು ಎತ್ತಿ ಹಿಡಿದು, ಒಂದು ಸಲ ಹತ್ತಿದ ಮೇಲೆ ಇಳಿಯುವುದು ಹತ್ತುವುದು ಇದೇ ಆಟವಾಯಿತು. ಸೆಕ್ಯೂರಿಟಿಯವನು ಹತ್ತಿರ ಬಂದು ನಿಂತಾಗ ಅವನಿಗೂ ಒಂದು ಅಡಿಕೆ ಹೋಳು ಕೊಟ್ಟರು. ಆದರೆ ಎಲ್ಲಿಗೆ ಹೋದರೂ ಸಂಜೆಯಾಗುವಾಗ ಒಂದೇ ಪ್ರಶ್ನೆ.

"ಪೈಂಟ್ ಒಣಗಿತಾ ಅಂತ ಕೇಳಿದ್ದೀಯಾ?"

"ಅತ್ತೆ, ಅದು ಒಣಗುವ ಪೈಂಟ್ ಅಲ್ಲ. ನಿಮಗೆ ಗೊತ್ತಾಗುವುದಿಲ್ವಾ?"

"ಹಾಗೆಲ್ಲ ಹೇಳ್ಬೇಡ. ಅವನು ಕೆಲಸದವ, ಪುರುಸೊತ್ತು ಬೇಕಲ್ಲ."

ಹರಿಣಾಕ್ಷಿಗೆ ದಯಾನಂದನ ಮೇಲಿನ ಸಿಟ್ಟಿಗಿಂತ ಅತ್ತೆಯ ಮೇಲಿನ ಸಿಟ್ಟೇ ಹೆಚ್ಚಾಯಿತು. ಮನುಷ್ಯರು ಇಷ್ಟು ಒಳ್ಳೆಯವರಾದರೆ ಜೊತೆಗಿದ್ದವರು ಎಂತ ಮಾಡಬೇಕು? ಇವರ ಪಾಲಿನ ಕೋಪವನ್ನೂ ತಾನೇ ಮಾಡಿಕೊಂಡು ಅವಳಿಗೆ ತಲೆನೋವು ಹಿಡಿದಿತ್ತು.

ಹೊರಡುವ ದಿನ ಸಂಜೆ, ಚೀಲ ಹಿಡಿದು ಮೆಜೆಸ್ಟಿಕ್ಕಿಗೆ ಹೋಗುವಾಗ ಸಿಟಿ ಬಸ್ಸಿನ ಕಿಟಕಿಯಿಂದ ಸೇಸಮ್ಮನ ಕಿವಿಗೆ ಚೆಂಡೆಯ ಸದ್ದು ಬಿತ್ತು. ಮೈದಾನದ ಬಾಗಿಲಿಗೆ ದೊಡ್ಡ ಬ್ಯಾನರು: ಕರಾವಳಿಯ ಮೇಳದಿಂದ ಯಕ್ಷಗಾನ ಬಯಲಾಟ, ಎಲ್ಲರಿಗೂ ಉಚಿತ ಪ್ರವೇಶ. ಮುದುಕಿ ಎದ್ದೇ ನಿಂತರು. "ಇಳಿ, ಇಳಿ. ನಮ್ಮ ಆಟ!"

ಹರಿಣಾಕ್ಷಿಯ ಪಿತ್ತ ನೆತ್ತಿಗೇರಿತು. ಕೆರೆ ತೋರಿಸಿದ, ಮಾಲು ತೋರಿಸಿದ, ಅತ್ತೆ ಪ್ರಾಣ ಬಿಡುವ ಆಟವೊಂದು ಇದೇ ಊರಿನಲ್ಲಿ ಪುಕ್ಕಟೆ ಉಂಟೆಂದು ಹೇಳಲು ಅವನ ಬಾಯಿಗೆ ಬೀಗ ಬಿದ್ದಿತ್ತಾ?

ಒಳಗೆ ಚೌಕಿಯಲ್ಲಿ ವೇಷಧಾರಿಗಳು ಬಣ್ಣ ಹಚ್ಚುತ್ತಿದ್ದರು, ಪಕ್ಕದ ಶಾಮಿಯಾನದಲ್ಲಿ ಊಟದ ಪಂಕ್ತಿ ಕೂರುತ್ತಿತ್ತು. ಊರಿನಲ್ಲಿ ಯಾರಾದರೂ ಹರಕೆಯ ಆಟ ಆಡಿಸಿದರೆ ಬಂದವರೆಲ್ಲ ಉಂಡೇ ಆಟಕ್ಕೆ ಕೂರುವುದು. ಕರೆದಿದ್ದಾರಾ, ಕರೆಯಲಿಲ್ಲವಾ ಎಂದು ಕೇಳುವವರಿಲ್ಲ. ಉಣ್ಣದೆ ಹೋದರೆ ಆಡಿಸಿದವರಿಗೇ ಬೇಸರ. ಸೇಸಮ್ಮನಿಗೆ ಗೊತ್ತಿದ್ದದ್ದು ಅದು. ಹರಿಣಾಕ್ಷಿಗೂ ಅದೇ. ಇಬ್ಬರೂ ಕೈತೊಳೆದು ಸಾಲಿನ ಕೊನೆಯಲ್ಲಿ ಕೂತರು. ಎಲೆಗೆ ನೀರು ಚಿಮುಕಿಸಿದ್ದಾಯಿತು, ಉಪ್ಪು ಬಿತ್ತು, ಉಪ್ಪಿನಕಾಯಿ ಬಿತ್ತು, ಅನ್ನ ಬಿತ್ತು.

ಆಗ ರೋಹಿತ್ ಎಂದು ಎದೆಯ ಮೇಲೆ ಬ್ಯಾಡ್ಜು ಸಿಕ್ಕಿಸಿಕೊಂಡ ಒಬ್ಬ ಯುವಕ ಬಂದ. "ಅಮ್ಮ, ಪಾಸ್ ಉಂಟಾ?"

"ಎಂತದ್ದು ಮಗಾ?"

"ಊಟದ ಪಾಸ್. ಆಟ ಎಲ್ಲರಿಗೆ. ಊಟ ಮಾತ್ರ ಆಟ ಆಡಿಸುವ ಧನಿಗಳು ಕರೆದವರಿಗೆ."

ಅಕ್ಕಪಕ್ಕದವರು ತಿರುಗಿ ನೋಡಿದರು. ಹರಿಣಾಕ್ಷಿಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಎನಿಸಿತು. ರೋಹಿತ್ ಗೊಂದಲದಲ್ಲಿ ಯಾರನ್ನೋ ಕೈಬೀಸಿ ಕರೆದ. ಬಂದವನು ದಯಾನಂದ. ಬಿಳಿ ಪಂಚೆ, ಜರಿಯ ಶಾಲು. ಹಿಂದೆಯೇ, ಎಲೆ ಎಲೆಗೂ ನಿಂತು ಅತಿಥಿಗಳನ್ನು ಉಪಚರಿಸುತ್ತ, ಕೂದಲು ನೆರೆತ ಒಬ್ಬ ಹಿರಿಯರು. ಅವರೇ ರಮಾನಾಥ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವರಿಗಿಂತ ನಾಲ್ಕು ಹೆಜ್ಜೆ ಆಚೆ, ಹೆಂಗಸರ ಸಾಲಿಗೆ ಪಾಯಸ ಬಡಿಸುತ್ತಿದ್ದಳು, ಫೋಟೋದಲ್ಲಿ ಮಾತ್ರ ನೋಡಿದ್ದ ಸುಪ್ರೀತಾ. ತಾಯಿ ಮನೆಗೆ ಹೋದವಳು.

ಸೇಸಮ್ಮನ ಮುಖ ಅರಳಿತು. "ದಯಾ!"

ದಯಾನಂದ ಶಾಲು ಸರಿಪಡಿಸಿಕೊಂಡು ಧನಿಯ ಕಡೆ ನೋಡಿದ.

"ಯಾರು ದಯಾನಂದ, ನಿಮ್ಮವರಾ?" ರಮಾನಾಥರು ಕೇಳಿದರು.

ಆ ಒಂದು ಗಳಿಗೆ ಹರಿಣಾಕ್ಷಿ ಅವನ ತುಟಿಯನ್ನೇ ನೋಡಿದಳು. ಹೇಳು, ಹೇಳಿಬಿಡು, ಹಿಂದಿನದೆಲ್ಲ ಮರೆತುಬಿಡುತ್ತೇನೆ ಎಂದು ಮನಸ್ಸಿನಲ್ಲೇ ಅಂಗಲಾಚಿದಳು.

"ನಮ್ಮ ತರವಾಡು ಮನೆಯಲ್ಲಿ ಕೆಲಸಕ್ಕೆ ಇದ್ದವರು ಧನಿಗಳೇ," ಎಂದ ದಯಾನಂದ. "ಊರು ನೋಡ್ಲಿಕ್ಕೆ ಬಂದಿದ್ದಾರೆ. ಗೊತ್ತಿಲ್ಲದೆ ಕೂತದ್ದು. ಈಗ ಎಬ್ಬಿಸ್ತೇನೆ."

ಯಾವ ತರವಾಡು? ಯಾವ ಹಿರಿಯರ ದೊಡ್ಡಮನೆ? ಮಳೆಗಾಲಕ್ಕೆ ಅಂಗಳದವರೆಗೆ ಹೊಳೆ ಬರುವ ಆ ಮೂರು ಕೋಣೆಯ ಮನೆಯಾ? ಹರಿಣಾಕ್ಷಿಯ ಗಂಟಲಿನವರೆಗೆ ಬೈಗುಳ ಬಂತು. ಸೇಸಮ್ಮ ಅವಳ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದರು. ಆ ಒತ್ತು ಹಿಂದೆಂದೂ ಅಷ್ಟು ಗಟ್ಟಿ ಇರಲಿಲ್ಲ.

ರಮಾನಾಥರಿಗೇ ಸಿಟ್ಟು ಬಂತು. "ಎಂತ ಮಾತಾಡ್ತೀರಿ ನೀವು? ಎಲೆಗೆ ಕೂತವರನ್ನು ಎಬ್ಬಿಸುವ ಕ್ರಮ ಉಂಟಾ ನಮ್ಮಲ್ಲಿ? ಕೆಲಸದವರಾದರೆ ಹೊಟ್ಟೆ ಇಲ್ವಾ? ರೋಹಿತ್, ಸಾರು ತಾ. ಅಮ್ಮ, ನೀವು ನಿಧಾನಕ್ಕೆ ಊಟ ಮಾಡಿ."

ಹರಿಣಾಕ್ಷಿಗೆ ಒಂದು ತುತ್ತೂ ಇಳಿಯಲಿಲ್ಲ. ಸೇಸಮ್ಮ ಮಾತ್ರ ಉಂಡರು. ಸಾರು ಉಂಡರು, ಸಾಂಬಾರು ಉಂಡರು, ಪಾಯಸ ಹಾಕಿಸಿಕೊಂಡರು, ಮಜ್ಜಿಗೆಯ ಅನ್ನ ಕಲಸಿ ಬೆರಳು ಚೊಕ್ಕ ಮಾಡಿದರು. ತಲೆ ಎತ್ತಲಿಲ್ಲ. ದಯಾನಂದ ಶಾಮಿಯಾನದ ಕಂಬ ಹಿಡಿದು ನಿಂತೇ ಇದ್ದ; ಹೋಗಲೂ ಆಗದು, ಇರಲೂ ಆಗದು. ಸಾಯಲಿ ಎಂದುಕೊಂಡಳು ಹರಿಣಾಕ್ಷಿ, ಮನಸಾರೆ.

ಊಟ ಮುಗಿಯಿತು. ಸಾಲಿನವರೆಲ್ಲ ಎಲೆಯ ಮೇಲ್ಭಾಗವನ್ನು ತಮ್ಮ ಕಡೆಗೆ ಮಡಚಿ ಏಳತೊಡಗಿದರು. ಸೇಸಮ್ಮ ಎಡಗೈಯನ್ನು ಎಲೆಯ ಕೆಳಗಿನ ಅಂಚಿಗೆ ಹಾಕಿದರು. ತಮ್ಮ ಕಡೆಯಿಂದ ಎತ್ತಿ, ಆಚೆಗೆ ಮಡಚಿದರು.

ಎದುರು ಸಾಲಿನ ಹೆಂಗಸೊಬ್ಬಳು ಬಾಯಿಗೆ ಸೆರಗು ಒತ್ತಿದಳು. ನೇತ್ರಾವತಿಯ ಆಚೀಚೆ ಹುಟ್ಟಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒಳ್ಳೆಯ ಊಟದ ಎಲೆ ಈಚೆಗೆ. ಎಲೆಯನ್ನು ಆಚೆಗೆ ಮಡಚುವುದು ಬೊಜ್ಜದ ಊಟದಲ್ಲಿ ಮಾತ್ರ, ಮನೆಯಲ್ಲಿ ಸತ್ತವರ ಹೆಸರಿನಲ್ಲಿ ಉಂಡಾಗ.

"ಅತ್ತೆ, ಬೇಡ," ಎಂದಳು ಹರಿಣಾಕ್ಷಿ. ಈಗಷ್ಟೇ ಸಾಯಲಿ ಎಂದವಳೇ ಕೈಚಾಚಿ ಎಲೆಯನ್ನು ತಿರುಗಿಸಲು ಹೋದಳು. ಸೇಸಮ್ಮ ಅವಳ ಕೈ ಸರಿಸಿದರು.

ರಮಾನಾಥರು ಕಂಡಿದ್ದರು. ಹತ್ತಿರ ಬಂದು ಮೆಲ್ಲಗೆ, "ಅಮ್ಮ, ಎಲೆ ಯಾಕೆ ಹಾಗೆ? ಇದು ಶುಭದ ಊಟ" ಎಂದರು.

"ನಿಮಗೆ ಶುಭವೇ ಧನಿಗಳೇ. ನಿಮ್ಮ ಅನ್ನ ಒಳ್ಳೆಯದಿತ್ತು, ನಿಮ್ಮ ಮಕ್ಕಳು ತಣ್ಣಗಿರಲಿ. ನಾನು ಸಾಕಿದ ಮಗ ಒಬ್ಬ ಹೋದ. ಅವನದ್ದು ಉಂಡದ್ದು ನಾನು."

"ಅಯ್ಯೋ. ಯಾವಾಗ?"

"ಈಗ," ಎಂದರು ಸೇಸಮ್ಮ. "ನೀವು ಕೇಳಿದಿರಲ್ಲ, ಆಗ."

ರಮಾನಾಥರು ತಿರುಗಿ ದಯಾನಂದನನ್ನು ನೋಡಿದರು. ಪಾಯಸದ ಬಕೆಟ್ ಹಿಡಿದ ಸುಪ್ರೀತಾಳೂ ನೋಡಿದಳು. ಅವನು ಕಂಬದ ಬಳಿ ಕುಸಿದು ಕೂತದ್ದನ್ನು ಹರಿಣಾಕ್ಷಿ ಕಂಡಳು, ಸೇಸಮ್ಮ ನೋಡಲಿಲ್ಲ. ಅವರು ಕೈತೊಳೆಯಲು ಹೋಗಿದ್ದರು. ಆಟ ನೋಡುವುದಕ್ಕೂ ನಿಲ್ಲಲಿಲ್ಲ.

ಇಬ್ಬರೂ ರಾತ್ರಿಯ ಬಸ್ಸು ಹತ್ತಿದರು. ಹರಿಣಾಕ್ಷಿಗೆ ಬೈಯಲು ಬೇಕಾದಷ್ಟಿತ್ತು, ಆದರೆ ಬೈಗುಳಕ್ಕೆ ಬೇಡ ಬೇಡ ಎನ್ನುವವರು ಪಕ್ಕದಲ್ಲಿ ಇರಬೇಕು. ಹಾಗೆನ್ನುವವರು ಕಿಟಕಿಗೆ ಹಣೆ ಇಟ್ಟು ಕೂತಿದ್ದರು.

ಬೆಳಕು ಹರಿಯುವಾಗ ಪಾಣೆಮಂಗಳೂರಿನಲ್ಲಿ ಇಳಿದರು. ವಸಂತ ಆಟೋ ತಂದಿದ್ದ. ಸೇಸಮ್ಮ ಆಟೋದಲ್ಲಿ ಚೀಲ ಇಟ್ಟರು, ತಾವು ಹತ್ತಲಿಲ್ಲ. ಹೊಳೆಯ ಕಡೆಗೆ ಇಳಿಯತೊಡಗಿದರು.

"ಅಮ್ಮ, ಎಲ್ಲಿಗೆ?" ವಸಂತ ಕೂಗಿದ.

"ಮೀಯದೆ ಹೇಗೆ ಮನೆಗೆ ಹೊಕ್ಕುವುದು?"

ವಸಂತ ಹೆಂಡತಿಯ ಮುಖ ನೋಡಿದ. ಆಮೇಲೆ ಹೇಳ್ತೇನೆ ಎಂದು ಅವಳು ಚೀಲದಿಂದ ಒಣ ಸೀರೆ ತೆಗೆದುಕೊಂಡು ಹಿಂದೆ ಹೋದಳು. ಸೇಸಮ್ಮ ಸೊಂಟ ಮುಳುಗುವಷ್ಟು ನೀರಿಗೆ ಇಳಿದು, ತಲೆಗೂದಲು ಬಿಚ್ಚಿ, ಮುಳುಗಿದರು. ಎದ್ದರು, ಮತ್ತೆ ಮುಳುಗಿದರು. ಎದ್ದಾಗ ಅವರು ಅಳುತ್ತಿದ್ದರು. ನೀರಿನಲ್ಲಿ ಅಡಗಿಸುವ ಅಳುವಲ್ಲ, ಬಾಯಿ ಬಿಟ್ಟು, ಹೆತ್ತವರು ಅಳುವ ಹಾಗೆ.

ಹರಿಣಾಕ್ಷಿಯ ಕೈಯಲ್ಲಿ ಫೋನು ಬಡಿದುಕೊಂಡಿತು. ದಯಾನಂದ. ರಾತ್ರಿಯಿಡೀ ಮಾಡಿದ್ದ, ಅವಳು ತೆಗೆದಿರಲಿಲ್ಲ. ಈಗ ತೆಗೆದಳು.

"ಅತ್ತಿಗೆ, ಧನಿಗಳಿಗೆ ಎಲ್ಲ ಹೇಳಿದೆ. ಸುಪ್ರೀತಾಳಿಗೂ ಹೇಳಿದೆ. ದೊಡ್ಡಮ್ಮನಿಗೆ ಒಮ್ಮೆ ಕೊಡಿ. ಒಂದೇ ಮಾತು. ಎಲ್ಲಿದ್ದಾರೆ ಅವರು?"

"ಹೊಳೆಯಲ್ಲಿ. ಮೀಯುತ್ತಿದ್ದಾರೆ."

ಇದೇ ಹೊಳೆಯಲ್ಲಿ ಈಜು ಕಲಿತವನು ಅವನು, ಬಸ್ಸಿಳಿದವರು ಮನೆಗೆ ಹೋಗದೆ ಹೊಳೆಗೆ ಯಾಕೆ ಇಳಿಯುತ್ತಾರೆಂದು ಅವನಿಗೆ ಗೊತ್ತಿತ್ತು. ಅವನು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ನೀರಿನಲ್ಲಿ ನಿಂತ ಮುದುಕಿಯ ಅಳು ಒಂದು ಕಿವಿಯಲ್ಲಿ, ಇವನದ್ದು ಇನ್ನೊಂದರಲ್ಲಿ. ಹರಿಣಾಕ್ಷಿಗೆ ಸಿಟ್ಟು ತಡೆಯಲಾಗಲಿಲ್ಲ.

"ನೀನು ಅಳ್ಬೇಡ ದಯಾನಂದ," ಎಂದಳು. "ಸತ್ತವರು ಅಳುವ ಕ್ರಮ ನಮ್ಮಲ್ಲಿ ಇಲ್ಲ."

ಫೋನು ಇಟ್ಟು, ಒಣ ಸೀರೆಯ ಮಡಿಕೆ ಬಿಡಿಸಿ ಹೆಗಲಿಗೆ ಹಾಕಿಕೊಂಡು, ಅತ್ತೆಯನ್ನು ಮೇಲೆ ಹತ್ತಿಸಲು ಅವಳು ನೀರಿಗೆ ಇಳಿದಳು.