ಚಾರ್ಜ್ ಕೊಟ್ಟು ಮಲಗಿದವಳು

ಇಪ್ಪತ್ತೆರಡು ವರ್ಷ ಬರೀ ನೈಟ್ ಡ್ಯೂಟಿ ಮಾಡಿದ ನರ್ಸಿಗೆ ಸ್ಲೀಪರ್ ಬೋಗಿಯ ಟಿಕೆಟ್ ತೆಗೆಸಿಕೊಟ್ಟರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಅವಳು ಬೆಳತನಕ ಎದ್ದು ಕೂತಿರುತ್ತಾಳೆ, ಅಷ್ಟೆ.

ಟಿಕೆಟ್ ಕಳಿಸಿದವಳು ಮಗಳು. ಬೆಟ್ಟದ ಊರಿನಲ್ಲಿ ಚಾರಣಕ್ಕೆ ಬಂದವರನ್ನು ಹತ್ತಿಸಿ ಇಳಿಸುವ ಗೈಡು ಅವಳು. ಈ ಸಲ ಮೊದಲ ಬಾರಿಗೆ ಹನ್ನೆರಡು ಜನರ ತಂಡಕ್ಕೆ ಅವಳೇ ಮುಂದಾಳು. ರೈಲು ಕೊನೆಯ ನಿಲ್ದಾಣ ಮುಟ್ಟುವುದು ಬೆಳಗಿನ ಐದೂವರೆಗೆ, ತಂಡ ಹೊರಡುವುದು ಆರಕ್ಕೆ. "ಅಮ್ಮಾ, ಮೊದಲನೇ ಕ್ಯಾಂಪ್‌ವರೆಗೆ ನೀನೂ ನಮ್ಮ ಜೊತೆ ನಡೀಬೇಕು. ಈ ಸಲನೂ ಕೈ ಕೊಟ್ರೆ ಇನ್ಯಾವತ್ತೂ ಕರೆಯಲ್ಲ, ನೋಡು" ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಳು.

ಹೇಳದೆ ಇನ್ನೇನು ಮಾಡಿಯಾಳು! ಆಸ್ಪತ್ರೆಯಲ್ಲಿ ಬೆಳಗಿನ ಪಾಳಿಯವಳು ಬರುವವರೆಗೆ ರಾತ್ರಿಯವಳು ವಾರ್ಡು ಬಿಡುವಂತಿಲ್ಲ. ಮಂಚದಿಂದ ಮಂಚಕ್ಕೆ ಹೋಗಿ ಒಬ್ಬೊಬ್ಬ ರೋಗಿಯ ವಿಷಯವನ್ನೂ ಒಪ್ಪಿಸಬೇಕು. ಅದಕ್ಕೆ ಚಾರ್ಜ್ ಕೊಡುವುದು ಅನ್ನುತ್ತಾರೆ. ಮಗಳ ಶಾಲೆಯ ಓಟದ ಪಂದ್ಯ, ಬಹುಮಾನ ಬಂದ ದಿನ, ಅವಳು ಪೆಟ್ಟಿಗೆ ಕಟ್ಟಿಕೊಂಡು ಬೆಟ್ಟಕ್ಕೆ ಹೊರಟ ದಿನ, ಎಲ್ಲಕ್ಕೂ ತಾಯಿಯದು ಒಂದೇ ರಾಗ: "ಚಾರ್ಜ್ ತಗೊಳ್ಳೋರು ಬಂದಿಲ್ಲ ಕಣೇ, ಹೇಗೆ ಬರ್ಲಿ?"

ಬೋಗಿಯ ದೀಪ ಆರಿತು. ಮೈಕೈ ಎಲ್ಲ ಜಜ್ಜಿದ ಹಾಗಿದ್ದರೂ ನರ್ಸಿಗೆ ಕಣ್ಣು ಮುಚ್ಚಲಿಲ್ಲ. ಎದುರಿನ ಬರ್ತಿನಲ್ಲಿ, ರೈಲು ಹತ್ತಿದಾಗ ಮಾತಾಡಿ ಪರಿಚಯವಾಗಿದ್ದ ಗಡಿಯಾರ ರಿಪೇರಿಯ ಯಜಮಾನರು ಮಲಗಿದ್ದರು. ಅವರ ಗೊರಕೆ ಆಗಾಗ ನಿಂತುಬಿಡುತ್ತಿತ್ತು, ಮತ್ತೆ ಶುರುವಾಗುವವರೆಗೆ ಇವಳಿಗೆ ಜೀವ ಬಾಯಿಗೆ ಬರುತ್ತಿತ್ತು. ನಡುವಿನ ಬರ್ತಿನ ಹುಡುಗಿ ಕೆಮ್ಮಿದಳು. ನರ್ಸು ಎದ್ದು ಫ್ಲಾಸ್ಕಿನ ಬಿಸಿನೀರು ಕೊಟ್ಟಳು. ಎಲ್ಲಕ್ಕಿಂತ ಮೇಲಿನ ಬರ್ತಿನವರ ಕೈ ಜೋತುಬಿತ್ತು. ಅದನ್ನೂ ಒಳಗೆ ಸೇರಿಸಿದಳು. ಅವಳಿಗೆ ಹೇಳಿದವರು ಯಾರು? ಯಾರೂ ಇಲ್ಲ. ಹಾಳಾದ ಅಭ್ಯಾಸ.

ಕಿಟಕಿಯಾಚೆ ಆಕಾಶ ಬೆಳ್ಳಗಾಗುತ್ತಿದ್ದಂತೆ ಕಣ್ಣು ಎಳೆಯತೊಡಗಿತು. ಡ್ಯೂಟಿ ಮುಗಿಯುವ ಹೊತ್ತು ದೇಹಕ್ಕೆ ಗೊತ್ತು. ಈಗ ಮಲಗಿದರೆ ಅಲಾರಮ್ಮನ್ನು ನಿದ್ದೆಯಲ್ಲೇ ಆರಿಸಿಬಿಡುತ್ತಾಳೆ, ಅದೂ ಗೊತ್ತು. ತೊಡೆ ಚಿವುಟಿಕೊಂಡಳು, ಮುಖ ತೊಳೆದು ಬಂದಳು, ಉಹೂಂ. ಕೊನೆಗೆ ಎದುರಿನವರ ಭುಜ ತಟ್ಟಿದಳು.

"ಏನ್ರೀ, ಸ್ಟೇಷನ್ ಬಂತಾ?"

"ಇಲ್ಲ ಯಜಮಾನರೇ, ಚಾರ್ಜ್ ತಗೊಳ್ಳಿ."

"ಏನ್ ತಗೊಳ್ಳಲಿ?"

"ನಡುವಿನ ಹುಡುಗಿಗೆ ಕೆಮ್ಮು, ಎರಡು ಸಲ ಬಿಸಿನೀರು ಕೊಟ್ಟಿದೀನಿ. ಮೇಲಿನವರ ಕೈ ಜಾರುತ್ತೆ, ನೋಡ್ತಾ ಇರಿ. ನಿಮಗೆ ನಿದ್ದೇಲಿ ಉಸಿರು ಕಟ್ಟುತ್ತೆ, ಡಾಕ್ಟರಿಗೆ ತೋರಿಸಿ. ಆಮೇಲೆ ನಾನು. ಐದೂವರೆಗೆ ಎಬ್ಬಿಸಿ, ಏನಂದ್ರೂ ಬಿಡಬೇಡಿ. ಮಗಳು ಕಾಯ್ತಿರ್ತಾಳೆ."

ಗಡಿಯಾರದವರು, ಟೈಮು ತಪ್ಪಿಸುವುದಿಲ್ಲ ಎಂದುಕೊಂಡು ಅವಳು ದಿಂಬಿಗೆ ತಲೆ ಕೊಟ್ಟಳು.

ಎಚ್ಚರವಾದಾಗ ಮಣಿಕಟ್ಟಿನ ಮೇಲೆ ಎರಡು ಬೆರಳು ಇದ್ದವು. ರೈಲು ನಿಂತಿತ್ತು, ಬೋಗಿ ಖಾಲಿ. ಪಕ್ಕದಲ್ಲಿ ಮಗಳು ಕೂತಿದ್ದಳು. ಬಾಗಿಲ ಬಳಿ ಯಜಮಾನರು ಚೀಲ ಹಿಡಿದು ಅಪರಾಧಿಯ ಹಾಗೆ ನಿಂತಿದ್ದರು.

"ನಾಲ್ಕು ಸಲ ಎಬ್ಬಿಸಿದೆ ನರ್ಸಮ್ಮಾ. ಡಾಕ್ಟ್ರು ರೌಂಡ್ಸಿಗೆ ಬರ್ಲಿ, ಆಮೇಲೆ ಏಳ್ತೀನಿ ಅಂತ ನನಗೇ ಗದರಿದ್ರಿ. ಕೊನೆಗೆ ಪ್ಲಾಟ್‌ಫಾರ್ಮಿನಲ್ಲಿ ನರ್ಸಮ್ಮನ ಮಗಳು ಯಾರು ಅಂತ ಕೂಗಿ ಇವಳಿಗೇ ಚಾರ್ಜ್ ಕೊಟ್ಟೆ. ಬರ್ತೀನಮ್ಮಾ."

"ಗಂಟೆ ಎಷ್ಟೇ?"

"ಆರೂಕಾಲು."

ನರ್ಸು ದಡಬಡಿಸಿ ಎದ್ದು ಕೂತಳು. "ನಿನ್ನ ತಂಡ?"

"ಹೊರಡ್ತು."

"ಅಯ್ಯೋ, ನಿನ್ನ ಮೊದಲನೇ ತಂಡ ಕಣೇ!" ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ಮತ್ತೆ ಹಾಳು ಮಾಡಿದೆ ನೋಡು ನಾನು."

"ಏನೂ ಹಾಳಾಗಿಲ್ಲ, ಸುಮ್ನಿರು. ಮಲಗ್ಲಿ ಅಂತ ನಾನೇ ಎಬ್ಬಿಸ್ಲಿಲ್ಲ. ಜೊತೆ ಗೈಡಿಗೆ ಒಪ್ಪಿಸಿ ಬಂದೆ. ನಾವು ನಿಧಾನಕ್ಕೆ ನಡ್ಕೊಂಡು ಸಂಜೆಯೊಳಗೆ ಕ್ಯಾಂಪ್ ಸೇರ್ಕೊಂಡ್ರಾಯ್ತು."

"ಅವನು ಒಪ್ಪಿಕೊಂಡ್ನಾ?"

"ಅಮ್ಮ ಬಂದಿದಾಳೆ, ಸ್ವಲ್ಪ ನೋಡ್ಕೋ ಅಂದೆ. ಆಯ್ತು ಹೋಗು ಅಂದ." ಮಗಳು ಮಣಿಕಟ್ಟು ಬಿಟ್ಟಿರಲಿಲ್ಲ. "ಕೇಳಿದ್ರೆ ಯಾರಾದ್ರೂ ತಗೋತಾರಮ್ಮಾ."

ಆಸ್ಪತ್ರೆಯ ಇಪ್ಪತ್ತೆರಡು ವರ್ಷದಲ್ಲಿ ನರ್ಸು ಒಂದು ಸಲವೂ ಯಾರನ್ನೂ ಕೇಳಿರಲಿಲ್ಲ.