ಎಷ್ಟು ತಿಂಗಳು ನಿಮ್ಮ ಮನೆಯಲ್ಲಿದ್ದರು

ಹದಿನೈದು ವರ್ಷ ಅವಳ ತೆರಿಗೆ ಲೆಕ್ಕವನ್ನು ಸೋದರಮಾವನೇ ಸಲ್ಲಿಸುತ್ತಿದ್ದ. ಕಣ್ಣಿನ ಆಪರೇಷನ್ ಆದಮೇಲೆ ಅವನು ಕೈಚೆಲ್ಲಿದ. "ಇನ್ನು ನನ್ನಿಂದಾಗಲ್ಲಮ್ಮ. ಈಗ ಅದಕ್ಕೂ ಸಾಫ್ಟ್‌ವೇರ್ ಬಂದಿದೆಯಲ್ಲ, ಯಾವ್ದಾದ್ರೂ ನೋಡಿ ನೀನೇ ಮಾಡ್ಕೋ" ಎಂದ.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಕೆಲಸ. ಭಾನುವಾರ ಮಧ್ಯಾಹ್ನ ಮೂರು ಸಾಫ್ಟ್‌ವೇರುಗಳನ್ನು ಅದೇ ಹಟದಿಂದ ಪರೀಕ್ಷಿಸಲು ಕೂತಳು. ಮೊದಲನೆಯದು ಬಿಟ್ಟಿ, ಆದರೆ ಸಂಬಳ ಬಿಟ್ಟು ಬೇರೆ ಆದಾಯಕ್ಕೆ ಅದರಲ್ಲಿ ಜಾಗವಿರಲಿಲ್ಲ, ಇವಳಿಗೆ ಮನೆಯಲ್ಲಿ ಫ್ರೇಮು ರಿಪೇರಿಯ ಗಳಿಕೆಯೂ ಇತ್ತು. ಎರಡನೆಯದು ದುಬಾರಿ, ಬರೀ ಚೌಕಗಳಿಗೆ ಟಿಕ್ ಹಾಕಿಸಿಕೊಳ್ಳುವಂಥದ್ದು. ಮೂರನೆಯದು ಪಕ್ಕದ ಮನೆಯ ಅತ್ತೆಯಂತೆ ಒಂದೊಂದೇ ಪ್ರಶ್ನೆ ಕೇಳುತ್ತ ಹೋಗುತ್ತಿತ್ತು. ಅವಳಿಗೆ ಅದೇ ಹಿಡಿಸಿತು, ಆರನೇ ಪುಟದವರೆಗೆ.

"ನಿಮ್ಮ ಆಶ್ರಯದಲ್ಲಿರುವ ತಾಯಿ ಕಳೆದ ವರ್ಷ ಎಷ್ಟು ತಿಂಗಳು ನಿಮ್ಮ ಮನೆಯಲ್ಲಿದ್ದರು?"

ಅಮ್ಮ ಇದ್ದದ್ದು ಅಕ್ಕನ ಮನೆಯಲ್ಲಿ. ನಾಲ್ಕು ವರ್ಷದ ಹಿಂದೆ ಪಾರ್ಶ್ವವಾಯು ಬಡಿದಾಗ, ಕೋಣೆಗೆ ಬಣ್ಣ ಹೊಡೆಸಿ ತಾನೇ ಕರೆದುಕೊಂಡು ಬರುತ್ತೇನೆಂದು ಇವಳು ಹೇಳಿದ್ದಳು. ಆ ವರ್ಷ ಮಾವ, "ಅಮ್ಮನ್ನ ನಿನ್ನ ಹೆಸರಿಗೇ ತೋರಿಸ್ಲಾ? ತೆರಿಗೆ ಇಳಿಯತ್ತೆ" ಎಂದು ಕೇಳಿದಾಗ "ಹೂಂ" ಅಂದಿದ್ದಳು. ಬಣ್ಣವಾಯಿತು. ಕೋಣೆ ರಿಪೇರಿ ಸಾಮಾನುಗಳಿಂದ ತುಂಬಿತು. ಅಮ್ಮ ಬರಲೇ ಇಲ್ಲ. ಶಾಲೆಯ ಬಸ್ಸು ಓಡಿಸುವ ಅಕ್ಕ ಐದಕ್ಕೆದ್ದು ಅಮ್ಮನನ್ನು ಒರೆಸಿ, ಉಣಿಸಿ, ಕೆಲಸಕ್ಕೆ ಹೋಗುತ್ತಿದ್ದಳು. ಇವಳು ತಿಂಗಳಿಗೊಮ್ಮೆ ಹಣ್ಣು ಹಿಡಿದು ಹೋಗಿ ಬರುತ್ತಿದ್ದಳು. ಮಾವ ಮತ್ತೆ ಕೇಳಲಿಲ್ಲ, ಇವಳು ಹೇಳಲಿಲ್ಲ. ಹಾಗೇ ಮೂರು ವರ್ಷ ಕಳೆದಿತ್ತು.

ಹನ್ನೆರಡು ಎಂದು ಒತ್ತಿದಳು. ಅಳಿಸಿದಳು. ಎದ್ದು ನೀರು ಕುಡಿದು ಬಂದು, ದುಬಾರಿಯಾದರೂ ಎರಡನೆಯದೇ ವಾಸಿ, ಕೆಲಸ ಬೇಗ ಮುಗಿಯುತ್ತದೆ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಳು. ಅಲ್ಲಿ ಆಶ್ರಿತ ತಾಯಿಯ ಚೌಕಕ್ಕೆ ಟಿಕ್ ಹಾಕಿದ ಮೇಲೆ ಅಮ್ಮನ ಗುರುತಿನ ಚೀಟಿಯ ನಂಬರ್ ಬೇಕಾಯಿತು. ಮಾವನನ್ನು ಕೇಳಿದರೆ ಅಮ್ಮ ಎಲ್ಲಿದ್ದಾಳೆಂಬ ಮಾತು ಬರುತ್ತಿತ್ತು. ಚೀಟಿ ಇದ್ದದ್ದು ಅಕ್ಕನ ಹತ್ತಿರ, ಅವಳಿಗೇ ಫೋನ್ ಮಾಡಿದಳು.

"ಬ್ಯಾಂಕಿನವರು ಕೇಳ್ತಿದಾರೆ ಅಕ್ಕ, ಅಮ್ಮನ ಚೀಟಿ ನಂಬರ್ ಹೇಳ್ತೀಯಾ?"

ಅಕ್ಕ ಚೀಟಿ ಹುಡುಕಲು ಹೋಗಲಿಲ್ಲ. ಪಟಪಟನೆ ಹೇಳಿ ಮುಗಿಸಿದಳು.

"ಬಾಯಿಪಾಠ ಮಾಡಿದೀಯಾ?"

"ಮೂರು ವರ್ಷ ನನ್ನ ಲೆಕ್ಕದಲ್ಲಿ ಹಾಕಿ ನೋಡಿದೀನಲ್ಲ. ಇನ್ನೊಬ್ಬರು ಆಗಲೇ ತೋರಿಸಿದಾರೆ ಅಂತ ವಾಪಸ್ ಬರ್ತಿತ್ತು."

"ಯಾರು ಅಂತ ವಿಚಾರಿಸಲಿಲ್ವಾ?"

"ವಿಚಾರಿಸೋದೇನು. ಅಮ್ಮನಿಗೆ ನಾವಿರೋದೇ ಇಬ್ಬರು."

"ಮತ್ತೆ ನನ್ನನ್ಯಾಕೆ ಕೇಳಲಿಲ್ಲ?"

"ಮೊದಲನೇ ವರ್ಷ ನಿನಗೇನೋ ಕಷ್ಟ ಇರ್ಬೇಕು ಅಂದ್ಕೊಂಡೆ. ಆಮೇಲೆ ನೀನೇ ಹೇಳ್ತೀಯ ಅಂತ ಸುಮ್ಮನಿದ್ದೆ. ಅಮ್ಮನ್ನ ಮಗ್ಗುಲು ತಿರುಗಿಸ್ಬೇಕು, ಇಡ್ತೀನಿ" ಎಂದಳು.

ಅವಳು ಮೂರನೆಯ ಸಾಫ್ಟ್‌ವೇರಿಗೆ ದುಡ್ಡು ಕಟ್ಟಿ, ಆರನೇ ಪುಟದಲ್ಲಿ ಸೊನ್ನೆ ಬರೆದಳು. ಮರುದಿನ ತೆರಿಗೆ ಕಚೇರಿಗೆ ಹೋಗಿ, ಹಳೆಯ ಮೂರು ವರ್ಷದ್ದನ್ನು ತಿದ್ದಲು ಏನು ಮಾಡಬೇಕೆಂದು ಕೇಳಿಕೊಂಡಳು. ದಂಡ ಬೀಳುತ್ತದೆ ಎಂದರು ಗುಮಾಸ್ತೆ, ಮುಖ ಎತ್ತದೆ. ಮಾವನಿಗೂ ಹೇಳಿದಳು. ಅವನು, "ನಾನಾದ್ರೂ ಕೇಳ್ಬೇಕಿತ್ತು" ಎಂದ.

ತಿದ್ದಿದ ಕಾಗದಗಳನ್ನು ಹಿಡಿದು ಮುಂದಿನ ಶನಿವಾರ ಅಕ್ಕನ ಮನೆಗೆ ಹೋದಳು. "ಇನ್ನು ನೀನು ಹಾಕಿದ್ರೆ ವಾಪಸ್ ಬರಲ್ಲ" ಎಂದಳು. ಅಕ್ಕ ಅವನ್ನು ಓದದೆ ಫ್ರಿಜ್ಜಿನ ಮೇಲಿಟ್ಟಳು.

"ಬಂದಿದೀಯಲ್ಲ, ಅಮ್ಮನ ತಲೆ ತೊಳಿ. ನನ್ನ ಸೊಂಟ ಹಿಡ್ಕೊಂಡಿದೆ."

ನೀರು ಎಷ್ಟು ಬಿಸಿ ಇರಬೇಕೆಂಬುದೂ ಅವಳಿಗೆ ಗೊತ್ತಿರಲಿಲ್ಲ, ಕೇಳಬೇಕಾಯಿತು. ನೊರೆ ಕಣ್ಣಿಗಿಳಿಯದಂತೆ ಒಂದು ಕೈಯನ್ನು ಅಮ್ಮನ ಹಣೆಗೆ ಅಡ್ಡ ಹಿಡಿದಳು. ಹೊಸ ಕೈಯ ಸ್ಪರ್ಶಕ್ಕೆ ಅಮ್ಮ ಕಣ್ಣು ಮುಚ್ಚಿಕೊಂಡೇ ತೊದಲಿದಳು: "ಯಾರು?"

ಬಾಗಿಲಲ್ಲಿ ನಿಂತಿದ್ದ ಅಕ್ಕ ತಂಗಿಯ ಕಡೆ ನೋಡಿದಳು.

"ನಾನಮ್ಮ, ಚಿಕ್ಕವಳು" ಎಂದಳು ಅವಳು.